ಬೇಳೆ ಬೇಯದ ನಲ್ಲಿ

ಮೊನ್ನೆ ಮೊಮ್ಮಗಳ ಮನೆಯಲ್ಲಿ ಬಚ್ಚಲಿನ ಗೀಸರ್ ಕೆಟ್ಟಿತು. ರಿಪೇರಿಗೆ ಬಂದವನು ಅದರ ಹೊಟ್ಟೆಯೊಳಗಿನ ಕಾಯಿಲ್ ಎಳೆದು, ಹಳೆ ಪೇಪರಿನ ಮೇಲಿಟ್ಟು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದ. ಬಿಳಿಯ ಚಕ್ಕೆಗಳು ಉದುರಿದವು. "ನೀರು ಗಡಸು ಅಜ್ಜಿ, ಸುಣ್ಣ ಕಟ್ಕೊಂಬಿಟ್ಟೈತೆ. ಕಾಯಿಲ್‌ದೇನೂ ತಪ್ಪಿಲ್ಲ" ಎಂದ.

ಕಾಯಿಲ್‌ದೇನೂ ತಪ್ಪಿಲ್ಲವಂತೆ! ಎಷ್ಟು ಸಲೀಸಾಗಿ ಹೇಳಿಬಿಟ್ಟ. ಲೋಹದ ಒಂದು ತುಂಡಿಗೆ ಬಚ್ಚಲುಮನೆಯ ಬಾಗಿಲಲ್ಲಿ ಸಿಕ್ಕ ನ್ಯಾಯ ನನಗೆ ಒಂದು ವರ್ಷ ಕಾದರೂ ಸಿಕ್ಕಿರಲಿಲ್ಲ. ಒಂದು ಚಕ್ಕೆ ಎತ್ತಿ ನಾಲಿಗೆಯ ಮೇಲಿಟ್ಟುಕೊಂಡೆ. ಮೊಮ್ಮಗಳು "ಅಯ್ಯೋ ಅಜ್ಜಿ, ಏನ್ ತಿಂತಿದೀಯ!" ಎಂದು ಕೂಗಿಕೊಂಡಳು. ಅದೇ ರುಚಿ. ಸಪ್ಪೆ, ಕೊನೆಯಲ್ಲಿ ಸ್ವಲ್ಪ ಕಹಿ. ನಾನು ಮದುವೆಯಾಗಿ ಹೋದ ವರ್ಷ ಬಾಯಲ್ಲಿದ್ದ ರುಚಿ.

ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಇನ್ನೂ ನೆಂಟರಿದ್ದಾರೆ, ಜಗಳಕ್ಕೆ ಬರುತ್ತಾರೆ. ದೊಡ್ಡಬೆಳವಂಗಲ ದಾಟಿ ಬಸ್ಸು ಒಳಗೆ ಬರುತ್ತಿದ್ದಂತೆ ಮಗ್ಗದ ಸದ್ದು ಕೇಳಿಸುತ್ತಿತ್ತು ಎಂದರೆ ತಿಳಿಯುವವರಿಗೆ ತಿಳಿಯುತ್ತದೆ. ಯುದ್ಧ ಎಲ್ಲೋ ನಡೆಯುತ್ತಿತ್ತು, ಅಕ್ಕಿ ಇಲ್ಲಿ ಕಡಿಮೆಯಾಗಿತ್ತು. ನಾನು ತ್ಯಾಮಗೊಂಡ್ಲಿನ ಹುಡುಗಿ. ಅಪ್ಪ ನೂಲಿನ ಸೀರೆ ನೇಯುತ್ತಿದ್ದರು. ಗಂಡನ ಮನೆಯದು ರೇಷ್ಮೆ. ಹಜಾರದಲ್ಲಿ ಸಾಲಾಗಿ ಮಗ್ಗ, ಹಿತ್ತಲಿನ ಕೊಟ್ಟಿಗೆಯಲ್ಲಿ ಮಾವ ಹಂಡೆ ಇಟ್ಟು ರೇಷ್ಮೆಯ ಲಡಿಗಳನ್ನು ಸೋಪು, ಸೋಡದ ನೀರಲ್ಲಿ ಕುದಿಸಿ ಅಂಟು ಬಿಡಿಸಿ ಬಣ್ಣ ಹಾಕುತ್ತಿದ್ದರು. ಆ ಕೊಟ್ಟಿಗೆಗೆ ಹೆಂಗಸರು ಕಾಲಿಡುವಂತಿರಲಿಲ್ಲ. ಹೆಂಗಸರ ನೆರಳು ಬಿದ್ದರೆ ಬಣ್ಣ ಕೆಡುತ್ತದಂತೆ. ಆ ಬಣ್ಣದ ಸೀರೆ ಉಡುವವರು ಮಾತ್ರ ಹೆಂಗಸರು.

ನಾನೂ ನಲ್ಲಿಯೂ ಆ ಬೀದಿಗೆ ಒಟ್ಟಿಗೇ ಬಂದೆವು. ನನ್ನ ಮದುವೆ ಮಾಘದಲ್ಲಾಯಿತು, ನಲ್ಲಿ ಯುಗಾದಿಯ ಹೊತ್ತಿಗೆ ಬಂತು. ಊರಾಚೆಯ ದಿಣ್ಣೆಯಲ್ಲಿ ಬಂಡೆ ಒಡೆದು ಬಾವಿ ತೋಡಿದ್ದರು. ಅದಕ್ಕೊಂದು ಎಂಜಿನ್, ಎತ್ತರದಲ್ಲೊಂದು ತೊಟ್ಟಿ, ಅಲ್ಲಿಂದ ಕಬ್ಬಿಣದ ಕೊಳವೆ. ಆ ಕೊಳವೆಯನ್ನು ಮೊದಲು ನಮ್ಮ ಬೀದಿಗೇ ಎಳೆಸಿದವರು ನಂಜಪ್ಪನವರು, ನಮ್ಮತ್ತೆಯ ತಮ್ಮ. ಊರಲ್ಲಿ ಅವರ ಮಾತು ನಡೆಯುತ್ತಿತ್ತು. ರೇಷನ್ ಅಂಗಡಿಯವನು ಅವರನ್ನು ಕಂಡರೆ ಎದ್ದು ನಿಲ್ಲುತ್ತಿದ್ದ. ನಲ್ಲಿಯ ಕಂಬ ನಮ್ಮ ಜಗಲಿಯ ಪಕ್ಕದಲ್ಲೇ ನಿಂತಿತು. ಅತ್ತೆ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಹೂ ಮುಡಿಸಿ, ತೆಂಗಿನಕಾಯಿ ಒಡೆದರು. ಹೊಸ ಸೊಸೆಯಾದ ನನಗೆ ಕೂಡ ಅಷ್ಟು ಹೂ ಮುಡಿಸಿರಲಿಲ್ಲ.

ಅಲ್ಲಿಯವರೆಗೆ ಊರಿನವರು ಕುಡಿಯಲು, ಅಡುಗೆಗೆ ಕೆರೆ ಏರಿಯ ಕೆಳಗಿನ ಬಾವಿಯಿಂದ ನೀರು ಹೊರುತ್ತಿದ್ದರು. ಏರಿ ಬಾವಿಯೆಂದು ಅದರ ಹೆಸರು. ಅರ್ಧ ಮೈಲಿ ನಡೆಯಬೇಕು. ಅತ್ತೆ ಮರುದಿನದಿಂದಲೇ ಅದನ್ನು ನಿಲ್ಲಿಸಿದರು. "ನನ್ ತಮ್ಮ ಗಂಗೇನ ಬಾಗ್ಲಿಗೆ ತಂದು ಬಿಟ್ಟವ್ನೆ. ಇನ್ನು ನಮ್ಮನೆಯೋರು ಬಿಂದಿಗೆ ಹಿಡ್ಕೊಂಡು ಏರಿ ಇಳಿದ್ರೆ ಜನ ಏನಂತಾರೆ?" ಅದೇ ವಾರ ಅವರು ಒಲೆಯ ಮುಂದಿನಿಂದಲೂ ಎದ್ದರು. ಸೊಸೆ ಬಂದ ಮೇಲೆ ಅತ್ತೆ ಹೊಗೆ ಕುಡಿಯುವುದುಂಟೆ?

ಹೀಗೆ ಹೊಸ ನೀರು, ಹೊಸ ಸೊಸೆ ಒಂದೇ ಒಲೆಯ ಮುಂದೆ ಸೇರಿದೆವು. ಬೇಳೆ ಬೇಯಲಿಲ್ಲ.

ಬೇಯಲಿಲ್ಲ ಎಂದರೆ ತಡವಾಯಿತು ಎಂದಲ್ಲ. ಬೆಳಿಗ್ಗೆ ಇಟ್ಟ ತೊಗರಿಬೇಳೆ ಮಗ್ಗದವರು ಊಟಕ್ಕೆ ಏಳುವವರೆಗೆ ಕುದಿಯಿತು, ಕುಣಿಯಿತು, ಕರಗಲಿಲ್ಲ. ಸೌಟಿನ ಹಿಂಬದಿಯಿಂದ ಒತ್ತಿದರೆ ಜಾರಿ ಪಕ್ಕಕ್ಕೆ ಓಡುತ್ತಿತ್ತು. ಸಾರಿನ ತಿಳಿ ಒಂದು ಕಡೆ, ಬೇಳೆ ಒಂದು ಕಡೆ, ಗಂಡ ಹೆಂಡಿರು ಮಾತು ಬಿಟ್ಟ ಮನೆಯ ಹಾಗೆ. ಅತ್ತೆ ತಟ್ಟೆಯಿಂದ ಒಂದು ಕಾಳನ್ನು ಎತ್ತಿ, ಬೆರಳ ತುದಿಯಲ್ಲಿ ಹಿಡಿದು ಎಲ್ಲರಿಗೂ ತೋರಿಸಿದರು.

"ನೋಡ್ರಪ್ಪಾ, ಇದೇ ಒಲೆ, ಇದೇ ಪಾತ್ರೆ, ಇದೇ ಬೇಳೆ. ನಾನು ಹೊಟ್ಟೆನೋವಲ್ಲಿ ಅಡಿಗೆ ಮಾಡಿದ್ರೂ ಬೆಣ್ಣೆ ಆಯ್ತಿತ್ತು. ಇವಳಿಗೆ ಕೈಗುಣ ಇಲ್ಲ."

ಈ ಕೈಗುಣ ಎಂಬ ಮಾತು ಈಗಿನ ಮಕ್ಕಳಿಗೆ ಹೊಗಳಿಕೆ ಮಾತ್ರ. ಆಗ ಅದು ಜಾತಕಕ್ಕಿಂತ ಒಂದು ಕೈ ಹೆಚ್ಚು. ಒಬ್ಬಳು ನೆಟ್ಟ ಸೊಪ್ಪು ಚಿಗುರಿದರೆ ಕೈಗುಣ, ಒಬ್ಬಳು ಹಿಂಡಿದ ಎಮ್ಮೆ ಒದ್ದರೆ ಅದೂ ಕೈಗುಣ. ಹುಟ್ಟಿನಿಂದ ಬಂದದ್ದು, ಕಲಿಯಲಾಗದು, ತೊಳೆಯಲಾಗದು. ಕೈಗುಣವಿಲ್ಲದ ಸೊಸೆ ಬಂದರೆ ಮನೆಯೇ ಬೇಯುವುದಿಲ್ಲ ಎನ್ನುತ್ತಿದ್ದರು. ಮನೆಗೆ ಹೊಸದಾಗಿ ಬಂದವರು ಇಬ್ಬರು, ತಪ್ಪು ಇಬ್ಬರಲ್ಲಿ ಒಬ್ಬರದು. ನಲ್ಲಿಗೆ ನಂಜಪ್ಪನವರಿದ್ದರು. ನನಗೆ ಯಾರಿದ್ದರು?

ನೀರಿನ ಮೇಲೆ ಅನುಮಾನ ನನಗೆ ಬಂದಿತ್ತು. ಸೀಗೆಪುಡಿ ಹಾಕಿ ತಲೆ ತೊಳೆದರೆ ಕೂದಲು ಅಂಟಂಟಾಗಿ ಹಗ್ಗವಾಗುತ್ತಿತ್ತು. ಬಿಸಿನೀರಿನ ಹಂಡೆಯ ಒಳಗೆ ಬೆಳ್ಳಗೆ ಪದರ ಕಟ್ಟುತ್ತಿತ್ತು. ಒಂದು ದಿನ "ಅತ್ತೇ, ನೀರೇ ಒಂಥರಾ ಐತೇನೋ" ಎಂದೆ. ಅಷ್ಟೇ. "ನಿನ್ ಕೈ ಸರಿಯಿಲ್ದೆ ಇರೋದಕ್ಕೆ ನನ್ ತಮ್ಮನ್ನ ಬೈತೀಯ?" ಎಂದು ಶುರುಮಾಡಿದವರು ದೀಪ ಹಚ್ಚುವವರೆಗೆ ನಿಲ್ಲಿಸಲಿಲ್ಲ. ಅಂದಿನಿಂದ ಆ ಮನೆಯಲ್ಲಿ ನೀರು ಎಂದರೆ ನಂಜಪ್ಪನವರು, ನಂಜಪ್ಪನವರೆಂದರೆ ನೀರು.

ಬೀದಿಯ ಹೆಂಗಸರು ದಿನಾ ನಲ್ಲಿಯ ಮುಂದೆ ಸೇರುತ್ತಿದ್ದರು. ಗಂಡ, ಅತ್ತೆ, ಅಕ್ಕಿಯ ರೇಷನ್ನು, ಯಾರ ಮನೆಯ ಹುಡುಗಿ ದೊಡ್ಡವಳಾದಳು, ಎಲ್ಲ ಮಾತೂ ಬರುತ್ತಿತ್ತು. ಬೇಳೆಯ ಮಾತು ಬರುತ್ತಿರಲಿಲ್ಲ. ಒಂದೊಂದು ಮನೆಯಲ್ಲೂ ಅದೇ ಗತಿ ಎಂದು ನನಗೆ ತಿಳಿದದ್ದು ಆಮೇಲೆ. ಯಾರು ಬಾಯಿ ಬಿಡುತ್ತಾರೆ? ಬಿಟ್ಟವಳ ಕೈಗುಣ ಬೀದಿ ಪಾಲು. ಎಲ್ಲರೂ ತಮ್ಮ ತಮ್ಮ ಬೇಯದ ಬೇಳೆಯನ್ನು ಮುಚ್ಚಿಟ್ಟುಕೊಂಡು ನಗುನಗುತ್ತ ನೀರು ಹಿಡಿಯುತ್ತಿದ್ದರು. ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಕಂಡ ಉಪಾಯವನ್ನೆಲ್ಲ ಮಾಡಿದೆ. ಹರಳೆಣ್ಣೆಯ ಹನಿ ಬಿಟ್ಟೆ, ಕರಟದ ಚೂರು ಹಾಕಿದೆ, ಮನೆದೇವರಿಗೆ ಹರಕೆಯನ್ನೂ ಹೊತ್ತೆ. ಕೊನೆಗೆ ಕೊಟ್ಟಿಗೆಯ ಹೊರಗೆ ಇಟ್ಟಿದ್ದ ಮಾವನ ರೇಷ್ಮೆಯ ಸೋಡದ ಡಬ್ಬದಿಂದ ಒಂದು ಚಿಟಿಕೆ ಕದ್ದು ಹಾಕಿದೆ. ಬೇಳೆ ಬೆಂದಿತು. ಬೆಂದು, ಸಾಬೂನಿನ ವಾಸನೆಯ ಹಳದಿ ಅಂಬಲಿಯಾಯಿತು. ಮೊದಲ ತುತ್ತಿಗೇ ಅತ್ತೆ ತಟ್ಟೆ ತಳ್ಳಿದರು. "ಲೇ ಸಿದ್ದಾ, ನಿನ್ ಹೆಂಡ್ತಿ ನಿನ್ ಕರುಳು ಒಗೀತಾವ್ಳೆ ನೋಡೋ!" ನಮ್ಮ ಮನೆಯವರು ತಲೆ ಬಗ್ಗಿಸಿಕೊಂಡು ಉಂಡರು. ತಲೆ ಬಗ್ಗಿಸಿಕೊಂಡು ಉಣ್ಣುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ.

ಆಷಾಢ ಬಂತು. ಹೊಸ ಸೊಸೆ ಆಷಾಢಕ್ಕೆ ತೌರಿಗೆ ಹೋಗುವುದು, ಶ್ರಾವಣದಲ್ಲಿ ಗಂಡ ಹೋಗಿ ಕರೆತರುವುದು ಪದ್ಧತಿ. ಕರೆದುಕೊಂಡು ಹೋಗಲು ಬಂದ ಅಪ್ಪನಿಗೆ ಅತ್ತೆ ಜಗಲಿಯಲ್ಲೇ ಹೇಳಿದರು: "ಕರ್ಕೊಂಡೋಗಿ ಅಡಿಗೆ ಕಲಿಸ್ರಪ್ಪಾ. ಕೈ ನೆಟ್ಟಗಾದ ಮೇಲೆ ಹೇಳಿ ಕಳ್ಸಿ. ಆಮ್ಯಾಕೆ ನೋಡಾನ." ಅಪ್ಪ ನನ್ನ ಗಂಟು ಎತ್ತಿಕೊಂಡರು. ಇದ್ದಿಲು ಸುಟ್ಟು ಓಡುವ ಆ ಕಾಲದ ಬಸ್ಸು ಏರು ಬಂದಲ್ಲೆಲ್ಲ ನಿಂತುಬಿಡುತ್ತಿತ್ತು, ಜನ ಇಳಿದು ತಳ್ಳಬೇಕಿತ್ತು. ಅಪ್ಪನೂ ಇಳಿದು ತಳ್ಳಿದರು. ಹಿಂದಿರುಗಿ ಬಂದು ಕೂತಾಗ ಮುಖದ ತುಂಬ ಮಸಿ, ಕಣ್ಣಿನಲ್ಲಿ ನೀರು. ಮಸಿಯಿಂದಲೋ ಏನೋ ಎಂದು ನಾನು ಕೇಳಲಿಲ್ಲ.

ಮನೆ ಸೇರಿದ ಮರುದಿನ ಅವ್ವ ನನ್ನನ್ನೇ ಒಲೆಯ ಮುಂದೆ ಕೂರಿಸಿದಳು. ಹಿತ್ತಲ ಬಾವಿಯ ನೀರಿಟ್ಟು ಬೇಳೆ ಹಾಕಿದೆ. ಈರುಳ್ಳಿ ಹೆಚ್ಚಿ ಮುಗಿಸುವಷ್ಟರಲ್ಲಿ ಬೇಳೆ ಒಡೆದು ಕರಗಿತ್ತು. ಅವ್ವ ಬಗ್ಗಿ ನೋಡಿ, ನನ್ನ ಬಲಗೈ ಹಿಡಿದು ಮಗುಚಿ ಮಗುಚಿ ನೋಡಿದಳು.

"ಈ ಕೈಗೇನಾಗದೆ? ಇಲ್ಲಿ ಬೇಯಿಸ್ತದೆ, ಅಲ್ಲಿ ಬೇಯಿಸಲ್ವ? ಕೈ ಏನು ಬಸ್ ಹತ್ತಿದ್ ತಕ್ಷಣ ಬದಲಾಯ್ತದಾ?"

"ನೀರೇ ಸರಿಯಿಲ್ಲ ಅಂತ ಹೇಳ್ದೆ ಕಣವ್ವಾ. ಕೇಳೋರ್ಯಾರು?"

ಶ್ರಾವಣ ಕಳೆಯಿತು, ಯಾರೂ ಬರಲಿಲ್ಲ. ಗೌರಿಹಬ್ಬವೂ ಕಳೆಯಿತು. ಓಣಿಯ ಹೆಂಗಸರು "ಏನವ್ವಾ ಗೌರಮ್ಮಾ, ಇನ್ನೂ ಇಲ್ಲೇ ಇದ್ದೀಯಾ?" ಎಂದು ಕೇಳುವುದಕ್ಕೆ ಶುರುಮಾಡಿದರು. ಗಂಡ ಬಿಟ್ಟವಳು ಎಂಬ ಮಾತನ್ನು ಇನ್ನೂ ಯಾರೂ ಆಡಿರಲಿಲ್ಲ, ಆದರೆ ಎಲ್ಲರ ಬಾಯಲ್ಲಿ ಎಲೆಅಡಿಕೆಯ ಹಾಗೆ ಹೊರಳುತ್ತಿತ್ತು. ನನ್ನ ಹಿಂದೆ ಇನ್ನಿಬ್ಬರು ತಂಗಿಯರಿದ್ದರು. ಕೈಗುಣವಿಲ್ಲದವಳ ತಂಗಿಯರನ್ನು ಯಾರು ಕೇಳಿಕೊಂಡು ಬರುತ್ತಾರೆ ಎಂದು ಅಪ್ಪ ಅವ್ವನಿಗೆ ಹೇಳುವುದು ಕೇಳಿಸಿತು. ಆವತ್ತು ನನಗೆ ಅಳು ಬರಲಿಲ್ಲ. ಆ ನಲ್ಲಿಯನ್ನು ಹಾರೆಯಿಂದ ಮೀಟಿ ಕೀಳಬೇಕು ಎನ್ನಿಸಿತು.

ನವರಾತ್ರಿಯ ಹೊತ್ತಿಗೆ ನಮ್ಮ ಮನೆಯವರು ಒಬ್ಬರೇ ಬಂದು ಜಗಲಿಯ ಮೇಲೆ ಕೂತರು. ಅರ್ಧ ತೂಕವಾಗಿದ್ದರು. "ಅಮ್ಮ ಬಾ ಅಂತಾವ್ರೆ" ಎಂದರು.

"ಯಾಕಂತೆ? ಕೈ ನೆಟ್ಟಗಾಯ್ತಾ ಅಂತ ಕೇಳ್ಲಿಲ್ವಾ?"

ಆಗ ನಿಜ ಬಾಯಿಬಿಟ್ಟರು. ನಾನು ಹೋದಂದಿನಿಂದ ಅತ್ತೆಯೇ ಒಲೆಯ ಮುಂದೆ ಕೂತಿದ್ದರಂತೆ. ಬೇಳೆ ಬೇಯುತ್ತಿರಲಿಲ್ಲವಂತೆ. ಹೋಗುವಾಗ ಒಲೆಗೆ ಏನೋ ಮಾಡಿಟ್ಟು ಹೋಗಿದ್ದಾಳೆ, ಅವಳೇ ಬಂದು ಬಿಡಿಸಬೇಕು ಎಂದು ನನ್ನನ್ನು ಕರೆಸುತ್ತಿದ್ದರು. ಈ ಬುದ್ಧಿಗೆ ಏನು ಹೇಳುವುದು? ಹೊರಟೆ. ತಂಗಿಯರ ಮುಖ ನೋಡಿಕೊಂಡು ಹೊರಟೆ.

ಹೋದ ಎರಡು ಮೂರು ದಿನಕ್ಕೆ ಸೌದೆ ಮುಗಿಯಿತು. ಬೀದಿಯ ಕೊನೆಯಲ್ಲಿ ನೂರ್‌ಬೀ ಎಂಬಾಕೆಯ ಸೌದೆ ಡಿಪೋ. ಗಂಡ ಎತ್ತಿನ ಗಾಡಿ ಹೊಡೆಯುತ್ತಿದ್ದ, ಈಕೆ ತಕ್ಕಡಿಯ ಹತ್ತಿರ ಕೂರುತ್ತಿದ್ದಳು. ಬಾಯಿ ಜೋರು, ಮನಸ್ಸು ಒಳ್ಳೆಯದು.

"ಬಂದ್ಯಾ ಬೇಟಿ? ನಿಮ್ಮತ್ತೆ ನಿನ್ನ ಬಿಟ್ಟಿದ್ರೂ ಬಿಡ್ತಿದ್ರು, ನನ್ ಸೌದೆ ಬಿಡಲಿಲ್ಲ. ಏನು ಅಷ್ಟು ಸುಡ್ತೀರಮ್ಮ ನಿಮ್ಮನೇಲಿ?"

"ಬೇಳೆ ಬೇಯಲ್ಲ ನೂರ್‌ಬೀ."

"ನಲ್ಲಿ ನೀರಲ್ಲಿ ಎಲ್ಲಿ ಬೇಯ್ತದೆ? ಏರಿ ಬಾವಿ ನೀರಲ್ಲಿ ಬೇಯ್ಸು. ನಮ್ಮೋರು ದಿನಾ ನಸುಕಲ್ಲಿ ನಿಮ್ಮನೆ ಹಿತ್ಲಿಗೆ ಪೀಪಾಯಿ ತುಂಬಿಸಿ ತಂದು ಹಾಕ್ತಾರಲ್ಲ, ಅದರಲ್ಲೇ ಎರಡು ಬಿಂದಿಗೆ ತಗೋ."

ಯಾವ ಪೀಪಾಯಿ ಎಂದು ಕೇಳಿದೆ. ಅವಳು ನನ್ನ ಮುಖ ನೋಡಿದಳು. "ನಿಮ್ಮ ಮಾವನ ರೇಷ್ಮೆಗೆ! ಯುಗಾದಿಯಿಂದ ತರ್ತಿದ್ದಾರೆ. ಯಾರಿಗೂ ಹೇಳ್ಬೇಡ ಅಂದಿದ್ರಂತೆ. ಮನೆಯೋರಿಗೂ ಹೇಳಿಲ್ವಾ? ತೋಬಾ ತೋಬಾ."

ಸೌದೆಯ ಹೊರೆಯನ್ನು ಅಡುಗೆಮನೆಯಲ್ಲಿ ಇಳಿಸಿ ನೆಟ್ಟಗೆ ಕೊಟ್ಟಿಗೆಗೆ ನುಗ್ಗಿದೆ. ನೆರಳು ಬಿದ್ದರೆ ಬೀಳಲಿ. ಮೂಲೆಯಲ್ಲಿ ಗೋಣಿಚೀಲ ಹೊದಿಸಿದ ಪೀಪಾಯಿ ಇತ್ತು. ಚೀಲ ಸರಿಸಿ ಬೊಗಸೆ ನೀರು ಕುಡಿದೆ. ಸಿಹಿ. ನಮ್ಮ ಹಿತ್ತಲ ಬಾವಿಯ ನೀರಿನ ಹಾಗೇ ಸಿಹಿ. ನಮ್ಮ ಮನೆಯವರು ಅಲ್ಲೇ ಲಡಿ ಹಿಂಡುತ್ತಿದ್ದವರು ಕೈಯಲ್ಲಿದ್ದುದನ್ನು ಬಿಟ್ಟು ನಿಂತರು.

"ಗೊತ್ತಿತ್ತಾ ನಿಮಗೆ?"

"ನಲ್ಲಿ ನೀರಲ್ಲಿ ಸೋಪು ನೊರೆ ಬರಕಿಲ್ಲ ಕಣೇ. ಮೊಸರಿನಂಗೆ ಒಡೀತದೆ. ರೇಷ್ಮೆ ಮೇಲೆ ಕಲೆ ಕೂತ್ಕೊಂಡ್ಬಿಡ್ತದೆ, ಬಣ್ಣ ಹಿಡಿಯಕಿಲ್ಲ. ಒಂದು ಸೀರೆ ರೇಷ್ಮೆ ಹಾಳಾಯ್ತು. ನಂಜಪ್ಪ ಮಾವಂಗೆ ಗೊತ್ತಾದ್ರೆ ಬೇಜಾರು ಮಾಡ್ಕೋತಾನೆ, ಅಮ್ಮಂಗೂ ಹೇಳ್ಬೇಡ ಅಂದ್ರು ಅಪ್ಪ."

"ರೇಷ್ಮೆಗೆ ಆಯ್ತು. ಬೇಳೆಗೆ?"

ಅವರು ನಿಜವಾಗಿಯೂ ಅರ್ಥವಾಗದವರ ಹಾಗೆ ನೋಡಿದರು. "ಬೇಳೆ ಹೆಂಗಸರ ವಿಷ್ಯ ಅಲ್ವೇನೇ?"

ಇದಕ್ಕಿಂತ ಒಂದು ಏಟು ಕೊಟ್ಟಿದ್ದರೆ ಮರೆಯುತ್ತಿದ್ದೆನೇನೋ. ಅವರು ಕೆಟ್ಟವರಲ್ಲ. ಕೊನೆಯವರೆಗೂ ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು. ಆದರೆ ಆ ಮಾತು ಅವರ ಜೊತೆ ಸುಟ್ಟುಹೋಗಲಿಲ್ಲ, ಇಲ್ಲೇ ಇದೆ. ರೇಷ್ಮೆಯ ಮೇಲೆ ಕಲೆ ಕೂರಬಾರದೆಂದು ಗುಟ್ಟಾಗಿ ಗಾಡಿ ಕಟ್ಟಿಸಿದ ಗಂಡಸರು, ನನ್ನ ಮೇಲೆ ಕೂತ ಕಲೆಯನ್ನು ದಿನಾ ಎದುರಿಗೆ ಕೂತು ಸಾರಿನ ಜೊತೆ ಕಲಸಿಕೊಂಡು ಉಂಡಿದ್ದರು. ತಿಳಿಯದೆ ಬೈದ ಅತ್ತೆಯ ಮೇಲೆ ನನಗೆ ಕೋಪವಿತ್ತು. ತಿಳಿದೂ ಸುಮ್ಮನಿದ್ದ ಈ ಇಬ್ಬರ ಮೇಲೆ ಬಂದದ್ದಕ್ಕೆ ಕೋಪ ಎಂಬ ಮಾತು ಸಾಲದು.

ಆಗಲೇ ಕೂಗಾಡಲಿಲ್ಲ. ದೀಪಾವಳಿಗೆ ನಂಜಪ್ಪನವರು ಊಟಕ್ಕೆ ಬರುವವರಿದ್ದರು. ಅಂದು ಒಬ್ಬಟ್ಟು. ಒಬ್ಬಟ್ಟೆಂದರೆ ಬೇಳೆಯ ಹಬ್ಬ. ಹೂರಣಕ್ಕೆ ಬೇಳೆ ನುಣ್ಣಗೆ ಬೇಯಬೇಕು, ಬಸಿದ ಕಟ್ಟಿನಲ್ಲಿ ಸಾರು ಆಗಬೇಕು. ಅತ್ತೆ ಬೆಳಿಗ್ಗೆಯೇ ಎಚ್ಚರಿಸಿದ್ದರು. "ಇವತ್ತು ನನ್ ತಮ್ಮನ ಮುಂದೆ ಮಾನ ಕಳೆದ್ಯೋ, ತಿರ್ಗ ಬಸ್ ಹತ್ಬೇಕಾಯ್ತದೆ. ಹೋದ್ಮೇಲೆ ಹೋದಂಗೇಯ."

ನಂಜಪ್ಪನವರು ಬಂದರು. ಹಜಾರದಲ್ಲಿ ಚಾಪೆಯ ಮೇಲೆ ಕೂತು, ಪಂಚೆಯ ಮೇಲಿನ ಸುಕ್ಕು ಸವರಿಕೊಳ್ಳುತ್ತ, ಇನ್ನೆರಡು ಬೀದಿಗೆ ನಲ್ಲಿ ಬರುವ ವಿಷಯ ಹೇಳುತ್ತಿದ್ದರು. ಮಾವ ಹೂಂಗುಟ್ಟುತ್ತಿದ್ದರು. ನಾನು ಹಿತ್ತಲಿಗೆ ಹೋಗಿ ಪೀಪಾಯಿಯಿಂದ ಹಿತ್ತಾಳೆ ಬಿಂದಿಗೆ ತುಂಬಿಸಿ, ಪೀಪಾಯಿಗೆ ಹೊದಿಸಿದ್ದ ಗೋಣಿಚೀಲವನ್ನು ಹೆಗಲಿಗೆ ಹಾಕಿಕೊಂಡೆ. ಕೊಟ್ಟಿಗೆಯಿಂದ ಅಡುಗೆಮನೆಗೆ ಹಿತ್ತಲ ಬಾಗಿಲೇ ಹತ್ತಿರ. ಆ ದಾರಿ ಬಿಟ್ಟು, ಓಣಿಯಲ್ಲಿ ಸುತ್ತಿ, ಮುಂಬಾಗಿಲಲ್ಲಿ ಬಂದು, ಮಗ್ಗಗಳ ನಡುವೆ, ಅವರೆಲ್ಲರ ಕಣ್ಣ ಮುಂದೆ ಬಿಂದಿಗೆ ಹೊತ್ತು ನಡೆದೆ. ಸೊಂಟದ ಮೇಲೆ ನೀರು ತುಳುಕುತ್ತಿತ್ತು. ಬೇಕೆಂದೇ ತುಳುಕಿಸಿದೆ.

ಮಾವ ಚೀಲದ ಗುರುತು ಹಿಡಿದು ಗಾಬರಿಯಿಂದ ಎದ್ದುಬಿಟ್ಟರು. "ಏ ಅದು ರೇಷ್ಮೆ ನೀರು ಕಣಮ್ಮಾ!"

ಮಾವ ತಮ್ಮ ಬಾಯನ್ನು ತಾವೇ ಮುಚ್ಚಿಕೊಳ್ಳುವವರ ಹಾಗೆ ಮೀಸೆ ಸವರಿಕೊಂಡರು. ನಂಜಪ್ಪನವರು ನಿಧಾನವಾಗಿ ಕೇಳಿದರು: "ರೇಷ್ಮೆ ನೀರು ಅಂದ್ರೆ ಏನು ಭಾವ? ಮನೆ ಮುಂದೆ ನಲ್ಲಿ ಐತಲ್ಲ?"

ಮಾವ ನೆಲ ನೋಡಿದರು. ಮಗ ಎಂದಿನಂತೆ ತಲೆ ಬಗ್ಗಿಸಿದರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತಿದ್ದರು. ಆ ಹೊತ್ತಿಗೆ ಅವರಿಗೆ ಅರ್ಥವಾಯಿತು ಎಂದು ನಾನು ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಹಿರಿಯರ ಮುಂದೆ ಸೊಸೆ ಬಾಯಿ ತೆರೆಯಬಾರದು. ತೆರೆದೆ.

"ನಿಮ್ಮ ನಲ್ಲಿ ನೀರಲ್ಲಿ ನಿಮ್ಮ ಭಾವನ ರೇಷ್ಮೆ ಬೇಯಲ್ಲ. ನಿಮ್ಮ ಅಕ್ಕನ ಬೇಳೆನೂ ಬೇಯಲ್ಲ. ಅದಕ್ಕೆ ಏರಿ ಬಾವಿಯಿಂದ ಗಾಡೀಲಿ ಕದ್ದು ತರಿಸ್ತಾರೆ. ರೇಷ್ಮೆಗೆ ಮಾತ್ರ."

ನಾನು ಒಳಗೆ ಹೋಗಿ ಬೇಳೆ ಇಟ್ಟೆ. ಬೆಂದಿತು. ಹೂರಣ ಬೆಣ್ಣೆಯಾಗಿತ್ತು. ನಂಜಪ್ಪನವರು ತುಪ್ಪ ಸುರಿಸಿಕೊಂಡು ಒಬ್ಬಟ್ಟಿನ ಮೇಲೆ ಒಬ್ಬಟ್ಟು ತಿಂದು, ಕೈ ತೊಳೆದು, ಅಕ್ಕನ ಕಡೆ ತಿರುಗಿ ಹೇಳಿದ ಮಾತು ಇದು: "ನೋಡಕ್ಕಾ, ನಲ್ಲಿ ನೀರು ಸರಿಯಿಲ್ಲ ಅಂತಾರೆ ಜನ. ಅಡಿಗೆ ಮಾಡೋರಿಗೆ ಕೈಗುಣ ಇದ್ರೆ ಯಾವ ನೀರಾದ್ರೇನು?"

ಅತ್ತೆ ತಕ್ಷಣ ಹಿಡಿದುಕೊಂಡರು. "ಹೂಂ ಕಣಪ್ಪಾ. ತೌರಿಗೆ ಕಳ್ಸಿದ್ದು ಒಳ್ಳೇದಾಯ್ತು. ಕೈಗುಣ ಬಂದದೆ."

ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಎಲ್ಲರೂ ಹೌದೆಂದು ತಲೆಯಾಡಿಸಿದರು. ಬೈಗುಳಕ್ಕಿಂತ ಈ ಹೊಗಳಿಕೆ ನನಗೆ ಹೆಚ್ಚು ಉರಿಯಿತು. ಮರುದಿನದಿಂದ ನೂರ್‌ಬೀಯ ಗಂಡ ಎರಡು ಪೀಪಾಯಿ ತರತೊಡಗಿದ. ಒಂದು ರೇಷ್ಮೆಗೆ, ಒಂದು ಅಡುಗೆಗೆ. ಎರಡನೆಯದು ಯಾಕೆ ಎಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಬಿಂದಿಗೆ ಹೊರುವ ನನ್ನ ಕೈ ಮಾತ್ರ ಬೀದಿಯಲ್ಲಿ ಹೆಸರಾಯಿತು.

ಮಾಘದಲ್ಲಿ, ನಾನು ಆ ಮನೆಗೆ ಬಂದು ವರ್ಷ ತುಂಬಿದಾಗ, ಎದುರುಮನೆಯ ಪುಟ್ಟಕ್ಕ ತನ್ನ ಹೊಸ ಸೊಸೆಯ ರಟ್ಟೆ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಹುಡುಗಿಗೆ ಇನ್ನೂ ಸೀರೆ ನಿಲ್ಲುತ್ತಿರಲಿಲ್ಲ. ಕಣ್ಣುಗಳು ಊದಿದ್ದವು. ಪುಟ್ಟಕ್ಕ ನಮ್ಮತ್ತೆಗೆ ಹೇಳಿದಳು: "ಇವಳ ಕೈಲಿ ಬೇಳೆ ಬೇಯ್ತಿಲ್ಲ ಕಣಕ್ಕಾ. ನಿನ್ ಸೊಸೆದು ಒಳ್ಳೆ ಕೈಗುಣ ಅಂತಾರೆ. ಒಂದು ಸಲ ಇವಳ ಕೈ ಹಿಡಿದು ಬೇಳೆ ಹಾಕಿಸ್ಲಿ, ಒಂಚೂರು ಹತ್ಲಿ."

ಅತ್ತೆ ಹೆಮ್ಮೆಯಿಂದ ನನ್ನನ್ನು ಕರೆದರು. "ಬಾ ಗೌರಾ, ಅವಳ ಕೈ ಹಿಡ್ಕೋ."

ಹುಡುಗಿ ಬಲಗೈ ಚಾಚಿ ನಿಂತಿದ್ದಳು. ಅವ್ವ ಮಗುಚಿ ನೋಡಿದ ನನ್ನ ಕೈಯ ಹಾಗೇ ಇತ್ತು ಆ ಕೈ, ಯಾವ ದೋಷವೂ ಇಲ್ಲದ್ದು. ನಾನು ಅದನ್ನು ಹಿಡಿಯಲಿಲ್ಲ. ಹಿತ್ತಲಿಗೆ ಹೋಗಿ ಪೀಪಾಯಿಯಿಂದ ಬಿಂದಿಗೆ ತುಂಬಿ ತಂದು, ಇಬ್ಬರು ಅತ್ತೆಯರ ನಡುವೆ ಕುಕ್ಕಿ ಇಟ್ಟೆ.

"ನಿನ್ ಕೈಗೇನೂ ಆಗಿಲ್ಲ ಮಗಾ. ಈ ನೀರು ತಗೊಂಡೋಗಿ ಬೇಯ್ಸು" ಎಂದೆ. "ಬೆಂದ ಮೇಲೆ ನಲ್ಲಿ ಹತ್ರ ನಿಂತ್ಕೊಂಡು, ಎಲ್ರಿಗೂ ಕೇಳೋ ಹಂಗೆ ಹೇಳು."